ಎತ್ತರದ ಊರಿನಲ್ಲಿ ಮೊದಲ ಎರಡು ದಿನ

ಕಳೆದ ವಾರ ಪುತ್ತೂರಿನಿಂದ ಓದುಗ ಸಹೋದರಿಯೊಬ್ಬರು ಫೋನ್ ಮಾಡಿದ್ದರು. ರಜೆಯಲ್ಲಿ ಮನೆಮಂದಿಯೆಲ್ಲ ಲಡಾಖಿನ ಲೇಹ್‌ಗೆ ಹೊರಟಿದ್ದಾರಂತೆ. ಗಂಡ, ಇಬ್ಬರು ಮಕ್ಕಳು, ಅರುವತ್ತೈದು ದಾಟಿದ ಅತ್ತೆ. ಟಿಕೆಟ್ ಆಗಿದೆ, ಸ್ವೆಟರ್‌ಗಳನ್ನು ಕೊಂಡದ್ದೂ ಆಗಿದೆ. "ಅಲ್ಲಿ ಚಳಿ ಎಷ್ಟಿರುತ್ತದೆ, ಏನೇನು ಬಟ್ಟೆ ಒಯ್ಯಬೇಕು?" ಎಂಬುದು ಅವರ ಪ್ರಶ್ನೆ. ಚಳಿಯ ಬಗ್ಗೆ ತಿಳಿದಷ್ಟು ಹೇಳಿದೆ. ಆಮೇಲೆ ನಾನೇ ಕೇಳಿದೆ, "ಇಳಿದ ಮೇಲೆ ಮೊದಲೆರಡು ದಿನ ಏನು ಕಾರ್ಯಕ್ರಮ?" ಅವರು ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯನ್ನು ಓದಿದರು. ಬೆಳಗ್ಗೆ ವಿಮಾನದಿಂದ ಇಳಿಯುವುದು, ಮಧ್ಯಾಹ್ನ ಹಳೆಯ ಅರಮನೆ, ಸಂಜೆ ಪೇಟೆ. ಮರುದಿನ ಬೆಳಗ್ಗೆ ಏಳಕ್ಕೆ ಖರ್ದುಂಗ್ ಲಾ ಕಣಿವೆ ದಾರಿ.

ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಹೆಚ್ಚು ಕಡಿಮೆ ಇಂಥದ್ದೇ ಪಟ್ಟಿ ಹಿಡಿದುಕೊಂಡು ನಾವೂ ಒಮ್ಮೆ ಹೋಗಿದ್ದೆವು.

ನಾವು ಆರು ಮಂದಿ. ನಾನು, ನನ್ನವರು, ಮಗ, ಅತ್ತೆ, ನಾದಿನಿ ಮತ್ತು ಅವಳ ಗಂಡ. ಮಂಗಳೂರಿನಿಂದ ದೆಹಲಿ, ದೆಹಲಿಯಿಂದ ಲೇಹ್. ದೆಹಲಿಯಿಂದ ಸುಮಾರು ಒಂದೂಕಾಲು ಗಂಟೆಯ ಹಾರಾಟ. ವಿಮಾನದ ಕಿಟಕಿಯಿಂದ ಹಿಮದ ಬೆಟ್ಟಗಳನ್ನು ನೋಡಿ ಎಲ್ಲರೂ ಸುಬ್‌ಹಾನಲ್ಲಾಹ್ ಎನ್ನುತ್ತಿದ್ದೆವು. ಇಳಿದಾಗ ಬಿಸಿಲು, ನೀಲಿ ಆಕಾಶ, ಯಾರಿಗೂ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎತ್ತರದ ಕಾಯಿಲೆ ಇಳಿದ ಕೂಡಲೇ ಬರುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಅಂದರೆ ಸಂಜೆಗೋ ರಾತ್ರಿಗೋ ತಲೆ ಎತ್ತುತ್ತದೆ. ಅಷ್ಟರೊಳಗೆ ನಾವು "ನಮಗೇನೂ ಆಗಲಿಲ್ಲ" ಎಂದು ಧೈರ್ಯ ತಂದುಕೊಂಡು ಇಡೀ ಪೇಟೆ ಸುತ್ತಿ ಬಂದಿರುತ್ತೇವೆ. ನಾವೂ ಅದನ್ನೇ ಮಾಡಿದೆವು.

ಸಂಜೆ ಕೋಣೆಗೆ ಬಂದಾಗ ನಾದಿನಿಯ ಮುಖ ಬಾಡಿತ್ತು. ಕೇಳಿದರೆ "ಏನಿಲ್ಲ ಅತ್ತಿಗೆ, ಬಿಸಿಲಿಗೆ ಸ್ವಲ್ಪ ತಲೆನೋವು" ಎಂದಳು. ಎದ್ದು ಎಲ್ಲರಿಗೂ ಚಹಾ ಮಾಡಿಕೊಟ್ಟಳು. ರಾತ್ರಿ ಊಟ ಮುಟ್ಟಲಿಲ್ಲ. ನಡುರಾತ್ರಿ ಎರಡು ಸಲ ವಾಂತಿಯಾಯಿತಂತೆ. ಸದ್ದು ಕೇಳಿ ಯಾರಿಗೂ ಎಚ್ಚರವಾಗಬಾರದೆಂದು ಬಚ್ಚಲುಮನೆಯ ನಲ್ಲಿ ತಿರುಗಿಸಿ ಬಿಟ್ಟಿದ್ದಳಂತೆ. ಇದೆಲ್ಲ ಆಮೇಲೆ ತಿಳಿದ ಸಂಗತಿ. ಬೆಳಗ್ಗೆ ಮುಖ ತೊಳೆದು, ಶಾಲು ಹೊದ್ದು ಎಲ್ಲರಿಗಿಂತ ಮೊದಲು ಕಾರಿನ ಹತ್ತಿರ ನಿಂತಿದ್ದಳು.

ಚಾಲಕರು ಕಾರ್ಗಿಲ್ ಕಡೆಯವರು, ವಯಸ್ಸಾದವರು. ಲೇಹ್‌ನಿಂದ ಖರ್ದುಂಗ್ ಲಾ ಕಡೆಗೆ ಏರುವ ದಾರಿಯಲ್ಲಿ ಸೌತ್ ಪುಲ್ಲು ಎಂಬಲ್ಲಿ ತಪಾಸಣೆಗಾಗಿ ಗಾಡಿ ನಿಲ್ಲಿಸುತ್ತಾರೆ. ಅಲ್ಲಿಗೆ ಬರುವಾಗಲೇ ಲೇಹ್‌ಗಿಂತ ಒಂದು ಸಾವಿರ ಮೀಟರ್‌ನಷ್ಟು ಮೇಲೆ ಬಂದಿರುತ್ತೇವೆ. ಇಳಿದು ನಾಲ್ಕು ಹೆಜ್ಜೆ ಇಟ್ಟ ನಾದಿನಿ ಪಕ್ಕಕ್ಕೆ ವಾಲಿದಳು. ಹಿಡಿದುಕೊಂಡೆ. "ಕಾಲು ಜಾರಿತು" ಎಂದಳು. ಅಲ್ಲಿ ಜಾರುವಂಥದ್ದು ಏನೂ ಇರಲಿಲ್ಲ. ಮಗ ಏನೋ ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟಳು. ಚಾಲಕರು ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದು ಉರ್ದುವಿನಲ್ಲಿ, "ಬೇಟಿ, ಈ ಗೆರೆಯ ಮೇಲೆ ನಡೆದು ತೋರಿಸು" ಎಂದರು. ಅವಳಿಗೆ ಆಗಲಿಲ್ಲ. ಅವರು ನಮ್ಮ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಎಲ್ಲರನ್ನೂ ಗಾಡಿ ಹತ್ತಿಸಿ ಬಂದ ದಾರಿಯಲ್ಲೇ ತಿರುಗಿಸಿದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿ, ಇಂಜೆಕ್ಷನ್ ಕೊಟ್ಟು, ಒಂದು ರಾತ್ರಿ ಇರಿಸಿಕೊಂಡರು. ಮಿದುಳಿನಲ್ಲಿ ಬಾವು ಬರಲು ಶುರುವಾಗಿತ್ತು ಎಂದರು ಡಾಕ್ಟರ್. ಅಲ್‌ಹಮ್ದುಲಿಲ್ಲಾಹ್, ಬದುಕಿಕೊಂಡಳು. ಇನ್ನು ಎರಡು ಗಂಟೆ ಮೇಲಕ್ಕೆ ಹೋಗಿದ್ದರೆ ಎಂದು ನೆನೆಸಿದರೆ ಈಗಲೂ ಕೈ ನಡುಗುತ್ತದೆ. "ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ನನಗೆ ಮರೆಯುವುದಿಲ್ಲ. "ಇಷ್ಟು ಖರ್ಚು ಮಾಡಿ ಬಂದಿದ್ದಾರೆ. ನನ್ನೊಬ್ಬಳಿಂದ ಎಲ್ಲರದೂ ಹಾಳಾಗಬಾರದೆಂದು."

ನಮ್ಮಲ್ಲಿ ಎಷ್ಟು ಮಂದಿ ಹೀಗಿಲ್ಲ ಹೇಳಿ. ಜ್ವರವಿದ್ದರೂ ದೋಸೆ ಹೊಯ್ಯುತ್ತೇವೆ. ಸೊಂಟ ನೋವಿದ್ದರೂ ನೆಂಟರ ಮುಂದೆ ನಗುತ್ತೇವೆ. ಇದನ್ನು ಸಹನೆ ಎಂದು ಹೊಗಳುವವರೂ ಇದ್ದಾರೆ. ಊರಿನಲ್ಲಿ ಇದರಿಂದ ಆರೋಗ್ಯ ಕೆಡುವುದು ನಿಧಾನವಾಗಿ. ಎತ್ತರದಲ್ಲಿ ಒಂದೇ ರಾತ್ರಿಯಲ್ಲಿ ಪ್ರಾಣಕ್ಕೆ ಬರುತ್ತದೆ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ಕಲಿಸಿದ್ದು ಗಂಡಸರಿಗೆ ಮಾತ್ರವಲ್ಲವಲ್ಲ.

ನಾನು ವೈದ್ಯೆಯಲ್ಲ. ಆದರೆ ಆ ಘಟನೆಯ ಬಳಿಕ ಡಾಕ್ಟರುಗಳನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೇಹ್ ಪಟ್ಟಣ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ, ಅಂದರೆ ಹನ್ನೊಂದೂವರೆ ಸಾವಿರ ಅಡಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಊಟಿ 2,240. "ಊಟಿಗೆ ಎಷ್ಟೋ ಸಲ ಹೋಗಿದ್ದೇವೆ, ಏನೂ ಆಗಿಲ್ಲ" ಎನ್ನುವವರು ಈ ಲೆಕ್ಕವನ್ನು ನೋಡಬೇಕು. ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರ್ ದಾಟಿದ ಮೇಲೆ. ಊಟಿ ಆ ಗೆರೆಗಿಂತ ಕೆಳಗಿದೆ, ಲೇಹ್ ಒಂದು ಸಾವಿರ ಮೀಟರ್ ಮೇಲಿದೆ.

ಅಲ್ಲಿನ ಗಾಳಿಯಲ್ಲಿ ಆಮ್ಲಜನಕವೇ ಇಲ್ಲ ಎನ್ನುವುದು ಸರಿಯಲ್ಲ. ನೂರರಲ್ಲಿ ಇಪ್ಪತ್ತೊಂದು ಪಾಲು ಇಲ್ಲಿಯೂ ಅಷ್ಟೇ, ಅಲ್ಲಿಯೂ ಅಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಮಂಗಳೂರಿನ ಸುಮಾರು ಮೂರನೇ ಎರಡು ಪಾಲು, ಖರ್ದುಂಗ್ ಲಾದ 5,359 ಮೀಟರ್ ಎತ್ತರದಲ್ಲಿ ಹೆಚ್ಚು ಕಡಿಮೆ ಅರ್ಧ. ಗಾಳಿ ತೆಳುವಾದ್ದರಿಂದ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಊರಿನಿಂದ ಒಯ್ದ ಬಾಳೆಕಾಯಿ ಚಿಪ್ಸ್‌ನ ಪ್ಯಾಕೆಟನ್ನು ಲೇಹ್‌ನಲ್ಲಿ ಚೀಲದಿಂದ ತೆಗೆದು ನೋಡಿ. ಬಲೂನಿನಂತೆ ಉಬ್ಬಿರುತ್ತದೆ. ಒಳಗಿರುವುದು ಮಂಗಳೂರಿನ ಗಾಳಿ, ಹೊರಗಿನದು ಅಷ್ಟು ಒತ್ತುವುದಿಲ್ಲ. ಅಡುಗೆ ಮಾಡುವವರಿಗೆ ಇನ್ನೊಂದು ಸಾಕ್ಷಿ ಸಿಗುತ್ತದೆ. ನೀರು ಅಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಕುದಿದರೂ ಅನ್ನ ಬೇಯುವುದಿಲ್ಲ, ಬೇಳೆಯಂತೂ ಕಲ್ಲಿನಂತೆಯೇ ಇರುತ್ತದೆ. ಕುಕ್ಕರ್ ಬೇಕೇ ಬೇಕು.

ಈ ತೆಳು ಗಾಳಿಗೆ ನಮ್ಮ ದೇಹವನ್ನು ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನೂ ಅಲ್ಲಾಹನು ಅದರೊಳಗೇ ಇಟ್ಟಿದ್ದಾನೆ. ಉಸಿರು ತಾನಾಗಿ ಜೋರಾಗುತ್ತದೆ, ಎದೆ ಬೇಗ ಬಡಿದುಕೊಳ್ಳುತ್ತದೆ. ಜೋರು ಉಸಿರಿನಿಂದ ರಕ್ತದ ಗುಣದಲ್ಲಿ ಆಗುವ ವ್ಯತ್ಯಾಸವನ್ನು ಮೂತ್ರಪಿಂಡಗಳು ಸರಿಪಡಿಸುತ್ತವೆ. ಹಾಗಾಗಿಯೇ ಮೂತ್ರ ಹೆಚ್ಚು ಹೋಗುತ್ತದೆ. ಇದಕ್ಕೆಲ್ಲ ಎರಡು ಮೂರು ದಿನ ಬೇಕು. ಆ ಸಮಯವನ್ನು ಕೊಡದೆ ಇನ್ನೂ ಮೇಲೆ ಹತ್ತಿಸಿದರೆ ದೇಹ ಸೋಲುತ್ತದೆ. ಮೊದಲ ರಾತ್ರಿ ಮಲಗಿದವರ ಉಸಿರು ಕೆಲವು ಕ್ಷಣ ನಿಂತಂತಾಗಿ, ಮತ್ತೆ ದೀರ್ಘವಾಗಿ ಎಳೆದುಕೊಳ್ಳುವುದನ್ನು ಕಂಡು ನಾನು ಅತ್ತೆಯ ಮಂಚದ ಬಳಿ ಎಚ್ಚರವಿದ್ದು ಕುಳಿತಿದ್ದೆ. ಅದು ಎತ್ತರದಲ್ಲಿ ಬಹಳ ಮಂದಿಗೆ ಆಗುವಂಥದ್ದು, ಅಷ್ಟಕ್ಕೇ ಗಾಬರಿ ಬೇಡವಂತೆ. ತಮಾಷೆಯೆಂದರೆ ಇಡೀ ಪ್ರವಾಸದಲ್ಲಿ ಅತ್ತೆಗೆ ಏನೂ ಆಗಲಿಲ್ಲ! ಅವರು ಮೊದಲ ದಿನವೇ "ನನ್ನಿಂದಾಗದು" ಎಂದು ಕಿಟಕಿಯ ಪಕ್ಕ ತಸ್ಬೀಹ್ ಹಿಡಿದು ಕುಳಿತುಬಿಟ್ಟಿದ್ದರು. ವಯಸ್ಸು, ಗಟ್ಟಿತನ ಇದಕ್ಕೆ ರಕ್ಷೆಯಲ್ಲ. ದಿನಾ ವ್ಯಾಯಾಮ ಮಾಡುವ ಹುಡುಗರೂ ಮಲಗುತ್ತಾರೆ, ಏಕೆಂದರೆ ಅವರು ಮೊದಲ ದಿನವೇ ಓಡಾಡುತ್ತಾರೆ.

ಇದು ಹೊಸ ಕಾಯಿಲೆಯೇನಲ್ಲ. ಹದಿನಾರನೇ ಶತಮಾನದಲ್ಲಿ ಯಾರ್ಕಂದ್ ಕಡೆಯಿಂದ ಲಡಾಖಿಗೆ ದಂಡೆತ್ತಿ ಬಂದ ಸುಲ್ತಾನ್ ಸಈದ್ ಖಾನ್ 1533ರಲ್ಲಿ ಮರಳುವ ದಾರಿಯಲ್ಲಿ ಇದೇ ಬಾಧೆಯಿಂದ ತೀರಿಕೊಂಡ. ಅವನ ಜೊತೆಗೆ ಬಂದಿದ್ದ ಮಿರ್ಝಾ ಹೈದರ್ ದೂಘ್ಲಾತ್ ಮುಂದೆ ಕಾಶ್ಮೀರವನ್ನು ಆಳಿದವರು. ತಮ್ಮ 'ತಾರೀಖೆ ರಶೀದಿ' ಗ್ರಂಥದಲ್ಲಿ ಈ ರೋಗವನ್ನು 'ದಮ್‌ಗೀರಿ', ಅಂದರೆ ಉಸಿರು ಹಿಡಿಯುವುದು ಎಂಬ ಹೆಸರಿನಲ್ಲಿ ವಿವರಿಸಿದ್ದಾರೆ. ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 125ನೇ ಸೂಕ್ತದಲ್ಲಿಯೂ ಆಕಾಶಕ್ಕೇರುವವನ ಎದೆ ಬಿಗಿಯುವ ಹೋಲಿಕೆ ಬರುತ್ತದೆ. ಅಲ್ಲಿ ಮಾತು ಸತ್ಯಕ್ಕೆ ಮುಚ್ಚಿಕೊಂಡ ಹೃದಯದ ಕುರಿತು, ಕಾಯಿಲೆಯ ಕುರಿತಲ್ಲ. ಆದರೆ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ಆ ಹೋಲಿಕೆ ನನಗೆ ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಅರ್ಥವಾಯಿತು.

ಈಗ ಗುರುತಿಸುವುದು ಹೇಗೆಂದು ಹೇಳುತ್ತೇನೆ. ಮೊದಲ ಲಕ್ಷಣ ತಲೆನೋವು. ಜೊತೆಗೆ ಹೊಟ್ಟೆ ತೊಳಸುವುದು, ಊಟ ಬೇಡವೆನಿಸುವುದು, ತಲೆಸುತ್ತು, ವಿಪರೀತ ಸುಸ್ತು ಇವುಗಳಲ್ಲಿ ಏನಾದರೊಂದು ಇದ್ದರೆ ಅದನ್ನು ಬಿಸಿಲು, ಪ್ರಯಾಣ, ಹೊರಗಿನ ಊಟ ಎಂದು ತಳ್ಳಿಹಾಕದೆ ಎತ್ತರದ ಕಾಯಿಲೆಯೆಂದೇ ತಿಳಿದುಕೊಳ್ಳಬೇಕು. ಈ ಹಂತದಲ್ಲಿ ಹೆದರಬೇಕಾದ್ದಿಲ್ಲ. ಇದ್ದಲ್ಲೇ ವಿಶ್ರಾಂತಿ ಪಡೆದರೆ, ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ತಲೆನೋವು ಇರುವಾಗ ಒಂದಡಿಯೂ ಮೇಲೆ ಹೋಗಬಾರದು. ವಿಶ್ರಾಂತಿಯಲ್ಲೂ ಹೆಚ್ಚುತ್ತಾ ಹೋದರೆ ಕೆಳಗಿಳಿಯಬೇಕು. ನಡೆಯುವಾಗ ಕುಡಿದವರಂತೆ ತೂರಾಡುವುದು, ಮಾತು ತಪ್ಪುವುದು, ಮಂಕು ಕವಿಯುವುದು ಮಿದುಳಿನ ಅಪಾಯದ ಗುರುತು. ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ನೊರೆಯಂತಹ ಅಥವಾ ನಸುಗೆಂಪು ಕಫ, ತುಟಿ ನೀಲಿಗಟ್ಟುವುದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಗುರುತು. ಇದು ಹೆಚ್ಚಾಗಿ ಎರಡನೇ ರಾತ್ರಿಯ ನಂತರ ಕಾಣಿಸಿಕೊಳ್ಳುತ್ತದೆ. ತಲೆನೋವಿಲ್ಲದೆಯೂ ಬರಬಹುದು. ಈ ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಆಮ್ಲಜನಕ, ಆಸ್ಪತ್ರೆ, ಕೆಳಗಿಳಿಯುವುದು. ಲೇಹ್ ಪಟ್ಟಣದಲ್ಲಿ ಸರಕಾರಿ ಎಸ್.ಎನ್.ಎಂ. ಆಸ್ಪತ್ರೆಯಿದೆ, ಇಂತಹ ರೋಗಿಗಳು ಅಲ್ಲಿಯವರಿಗೆ ಹೊಸಬರಲ್ಲ.

ಸಣ್ಣ ಮಕ್ಕಳು ತಲೆನೋವೆಂದು ಹೇಳಲಾರರು. ಆಟ ಬಿಟ್ಟು ಮಂಕಾಗಿ ಕುಳಿತರೆ, ಹಾಲು ತಿಂಡಿ ಬೇಡವೆಂದು ರಚ್ಚೆ ಹಿಡಿದರೆ ಅದೇ ಅವರ ಭಾಷೆ.

ಕೊರೊನಾ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಹಳ ಮನೆಗಳಲ್ಲಿ ಇನ್ನೂ ಇದೆ. ಒಯ್ಯುವುದಾದರೆ ಒಯ್ಯಿರಿ, ಆದರೆ ಆಗ 94ಕ್ಕಿಂತ ಇಳಿದರೆ ಗಾಬರಿಯಾಗುತ್ತಿದ್ದ ಲೆಕ್ಕವನ್ನು ಅಲ್ಲಿಗೆ ಹಚ್ಚಬೇಡಿ. ಲೇಹ್‌ನಲ್ಲಿ ಮೊದಲ ದಿನ ಆರೋಗ್ಯವಂತರಿಗೂ 90ರ ಆಸುಪಾಸು, ಕೆಲವರಿಗೆ ಅದಕ್ಕಿಂತ ಸ್ವಲ್ಪ ಕೆಳಗೂ ತೋರಿಸುತ್ತದೆ. ಸಂಖ್ಯೆಗಿಂತ ಮನುಷ್ಯರನ್ನು ನೋಡುವುದು ಮುಖ್ಯ. ಪ್ರತಿ ಬೆಳಗ್ಗೆ ಮನೆಯವರೆಲ್ಲರನ್ನೂ, ತಲೆನೋವಿದೆಯೇ, ರಾತ್ರಿ ವಾಂತಿಯಾಯಿತೇ, ಉಸಿರು ಸರಿಯಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳಿರಿ. "ಎಲ್ಲರೂ ಚೆನ್ನಾಗಿದ್ದೀರಾ?" ಎಂದು ಒಟ್ಟಿಗೆ ಕೇಳಿದರೆ ನಮ್ಮ ಹೆಣ್ಣುಮಕ್ಕಳು ಹೂಂ ಎನ್ನುತ್ತಾರೆ, ಅಷ್ಟೆ. ನನ್ನವರು ಅಂದು ಕೇಳಿದ್ದೂ ಹಾಗೆಯೇ.

ಇನ್ನು ಮಾತ್ರೆಯ ವಿಷಯ. ಅಸಿಟಝೋಲಮೈಡ್ ಎಂಬ ಔಷಧಿ, ಅಂಗಡಿಯಲ್ಲಿ ಡೈಮಾಕ್ಸ್ ಹೆಸರಿನಲ್ಲಿ ಸಿಗುವುದು, ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ ಶುರು ಮಾಡಿಸುತ್ತಾರೆ. ಸಲ್ಫಾ ಔಷಧಿಗೆ ಅಲರ್ಜಿ ಇರುವವರು, ಗರ್ಭಿಣಿಯರು, ಕಿಡ್ನಿ ತೊಂದರೆಯವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ. ಮಾತ್ರೆ ನುಂಗಿದೆವೆಂದು ವಿಶ್ರಾಂತಿ ಬಿಡುವಂತಿಲ್ಲ. ಕರ್ಪೂರದ ಪೊಟ್ಟಣ ಮೂಸಿದರೆ ಸಾಕೆಂದು ಕೆಲವರು ಹೇಳುವುದುಂಟು. ಅದರಿಂದ ಮೂಗಿಗೆ ಹಿತವೆನಿಸಬಹುದು, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಮಕ್ಕಳು ಬಾಯಿಗೆ ಹಾಕಿಕೊಂಡರೆ ವಿಷ. ಅಂಗಡಿಯಲ್ಲಿ ಮಾರುವ ಸಣ್ಣ ಆಮ್ಲಜನಕದ ಡಬ್ಬಿಯೂ ಕೆಲವೇ ನಿಮಿಷದ ಮಾತು. ನಿದ್ದೆ ಬರುವುದಿಲ್ಲವೆಂದು ನಿದ್ದೆಮಾತ್ರೆ ತೆಗೆದುಕೊಳ್ಳುವುದಂತೂ ಬೇಡ, ಅದು ಉಸಿರಾಟವನ್ನು ಇನ್ನೂ ತಗ್ಗಿಸುತ್ತದೆ. ಗಂಡಸರು ಕನಿಷ್ಠ ಆ ಕೆಲವು ದಿನಗಳಾದರೂ ಸಿಗರೇಟು ಬಿಡಲಿ.

ಗರ್ಭಿಣಿಯರು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯವರು ಟಿಕೆಟ್ ಮಾಡುವ ಮೊದಲೇ ವೈದ್ಯರಲ್ಲಿ ಕೇಳಬೇಕು. ರಕ್ತಹೀನತೆಯಿರುವವರಿಗೆ ಏದುಸಿರು ಹೆಚ್ಚು. ಒಂದು ಹಿಮೋಗ್ಲೋಬಿನ್ ಪರೀಕ್ಷೆಗೆ ಎಷ್ಟು ಖರ್ಚಾಗುತ್ತದೆ? ಎರಡು ಮೂರು ತಿಂಗಳು ಮೊದಲೇ ಮಾಡಿಸಿದರೆ ಸರಿಪಡಿಸಲು ಸಮಯವಾದರೂ ಸಿಗುತ್ತದೆ.

ಹೆಂಗಸರಿಗೆ ಇನ್ನೊಂದು ಕಷ್ಟವಿದೆ, ಪ್ರವಾಸದ ಪುಸ್ತಕಗಳು ಅದನ್ನು ಬರೆಯುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗದೆಂದು ನಾವು ನೀರೇ ಕುಡಿಯುವುದಿಲ್ಲ. ಮೂತ್ರ ಹೆಚ್ಚುತ್ತದೆಂದು ಮಾತ್ರೆಯನ್ನೂ ನಿಲ್ಲಿಸಿಬಿಡುತ್ತೇವೆ. ಅಲ್ಲಿನ ಹವೆ ಒಣ, ಉಸಿರಿನಲ್ಲೇ ನೀರು ಹೋಗುತ್ತದೆ. ನೀರು ಕಡಿಮೆಯಾಗಿಯೂ ತಲೆ ನೋಯುತ್ತದೆ, ಆಗ ಯಾವ ನೋವು ಯಾವುದರಿಂದ ಎಂದೇ ತಿಳಿಯುವುದಿಲ್ಲ. ಚಾಲಕರಿಗೆ ಹೊರಡುವಾಗಲೇ "ಶೌಚಾಲಯ ಇರುವಲ್ಲೆಲ್ಲ ನಿಲ್ಲಿಸಿ" ಎಂದು ಗಂಡಸರಿಂದ ಹೇಳಿಸಿ, ಅಥವಾ ನೀವೇ ಹೇಳಿ. ಇದರಲ್ಲಿ ನಾಚಿಕೆಯೇನಿದೆ? ಹಾಗೆಂದು ಗಳಗಳನೆ ಲೀಟರುಗಟ್ಟಲೆ ಕುಡಿಯುವುದೂ ಬೇಡ. ಬಾಯಾರದಂತೆ, ಮೂತ್ರ ತಿಳಿಯಾಗಿರುವಂತೆ ನೋಡಿಕೊಂಡರೆ ಸಾಕು. ಊಟ ಹಗುರವಾಗಿರಲಿ. ಅನ್ನ, ರೊಟ್ಟಿ, ಸೂಪು, ಅಲ್ಲಿ ಧಾರಾಳವಾಗಿ ಸಿಗುವ ಒಣ ಜರ್ದಾಳು. ಬೆಣ್ಣೆ ಉಪ್ಪು ಹಾಕಿದ ಅವರ ಗುರ್‌ಗುರ್ ಚಹಾ ನನಗಂತೂ ಹಿಡಿಸಲಿಲ್ಲ, ಅತ್ತೆ ಎರಡು ಲೋಟ ಕುಡಿದರು.

ನಮಾಝಿನಲ್ಲಿ ಪ್ರಯಾಣಿಕರಿಗೆ ಇರುವ ಸೌಲಭ್ಯ ನಿಮಗೆ ಗೊತ್ತೇ ಇದೆ. ಕಸ್ರ್ ಮಾಡಬಹುದು, ಶಾಫಿಈ ಮನೆಯವರು ಎರಡು ಹೊತ್ತನ್ನು ಸೇರಿಸಿ ನಿರ್ವಹಿಸುವುದೂ ಉಂಟು. ಸುಜೂದಿಗೆ ಬಾಗಿದಾಗ ತಲೆ ಸಿಡಿಯುವಂತಾದರೆ, ಕಣ್ಣು ಕತ್ತಲಿಟ್ಟರೆ ಕುಳಿತು ನಮಾಝ್ ಮಾಡಿ. ವುಝೂವಿಗೆ ಬಿಸಿನೀರು ಕೇಳಿ ಪಡೆಯಿರಿ. ಕಾಯಿಲೆಯವರಿಗೆ ನೀರು ತಾಗಿದರೆ ಹಾನಿಯೆನಿಸಿದರೆ ತಯಮ್ಮುಮ್ ಇದೆ. ರಮಝಾನಿನಲ್ಲಿ ಹೋಗಬೇಕಾಗಿ ಬಂದರೆ ಪ್ರಯಾಣಿಕರಿಗಿರುವ ವಿನಾಯಿತಿಯನ್ನು ಬಳಸಿಕೊಂಡು ಆಮೇಲೆ ಕಝಾ ಮಾಡಬಹುದು. ರಿಯಾಯಿತಿಯನ್ನು ಬಳಸಿದರೆ ಈಮಾನ್ ಕಡಿಮೆಯಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ.

ದಾರಿಯನ್ನು ಆರಿಸಿಕೊಳ್ಳಲು ಅವಕಾಶವಿರುವವರಿಗೆ ನನ್ನ ಸಲಹೆ ಶ್ರೀನಗರದಿಂದ ರಸ್ತೆಯಲ್ಲಿ ಹೋಗುವುದು. ಶ್ರೀನಗರ ಸುಮಾರು 1,600 ಮೀಟರ್. ಝೋಜಿ ಲಾ ದಾಟಿ ದ್ರಾಸ್ ಮೂಲಕ ಕಾರ್ಗಿಲ್‌ಗೆ ಬಂದು ಅಲ್ಲಿ ರಾತ್ರಿ ತಂಗಿದರೆ ಅದು ಸುಮಾರು 2,700. ಮರುದಿನ ಲೇಹ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ದೇಹಕ್ಕೂ ಸ್ವಲ್ಪ ಸಮಯ ಸಿಗುತ್ತದೆ. ಕಾರ್ಗಿಲ್‌ನಲ್ಲಿ ಹೆಚ್ಚಿನವರು ಮುಸ್ಲಿಮರೇ ಆದ್ದರಿಂದ ಊಟ, ನಮಾಝಿನ ಚಿಂತೆಯೂ ಇಲ್ಲ. ಮನಾಲಿಯ ರಸ್ತೆ ಹಾಗಲ್ಲ. ನಡುವೆ ಸರ್ಚುವಿನಂತಹ 4,200 ಮೀಟರ್ ದಾಟಿದ ಜಾಗದಲ್ಲಿ ರಾತ್ರಿ ಕಳೆಯಬೇಕಾಗಿ ಬರುತ್ತದೆ, ಹೊಸಬರಿಗೆ ಅದು ಕಷ್ಟ. ವಿಮಾನವೇ ಗತಿಯೆಂದಾದರೆ ಮೊದಲ ಎರಡು ದಿನ ಲೇಹ್‌ನಲ್ಲಿ ಸುಮ್ಮನಿರಿ. ಮೊದಲ ದಿನ ಮಂಚ ಮತ್ತು ಕಿಟಕಿ, ಎರಡನೇ ದಿನ ಸಂಜೆ ನಿಧಾನವಾಗಿ ಪೇಟೆಯವರೆಗೆ ನಡಿಗೆ. ಪೇಟೆಯ ಮಧ್ಯದಲ್ಲೇ ಹದಿನೇಳನೇ ಶತಮಾನದ ಜಾಮಿಯಾ ಮಸೀದಿಯಿದೆ, ನೋಡಿ ಬನ್ನಿ. ಕಾಶ್ಮೀರ, ಯಾರ್ಕಂದ್‌ಗಳ ವ್ಯಾಪಾರಿಗಳು ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆಸಿದ ಅರ್ಗೋನ್ ಮನೆತನಗಳು ಇಂದಿಗೂ ಅಲ್ಲಿವೆ. ಮೂರನೆಯ ದಿನದ ಬಳಿಕ ನುಬ್ರಾ. ದಾರಿಯ ಖರ್ದುಂಗ್ ಲಾದಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ನುಬ್ರಾ ಕಣಿವೆ ಲೇಹ್‌ಗಿಂತ ತಗ್ಗಿನಲ್ಲಿದೆ, ಅಲ್ಲಿ ಮಲಗುವುದು ಹಿತ. ಅದರಾಚೆಯ ತುರ್ತುಕ್ ಎಂಬ ಬಾಲ್ಟಿ ಮುಸ್ಲಿಮರ ಹಳ್ಳಿ 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ್ದು. 4,200 ಮೀಟರ್ ದಾಟಿದ ಪಾಂಗಾಂಗ್ ಸರೋವರ ಕೊನೆಗಿರಲಿ.

ಟ್ರಾವೆಲ್ಸ್‌ನವರ ಪಟ್ಟಿ ಕಲ್ಲಿನಲ್ಲಿ ಕೊರೆದದ್ದಲ್ಲ. ಕಡಿಮೆ ದಿನದಲ್ಲಿ ಹೆಚ್ಚು ಜಾಗ ತೋರಿಸಿದರೆ ಅವರಿಗೆ ಲಾಭ, ಹಾಗಾಗಿ ಹಾಗೆ ಬರೆಯುತ್ತಾರೆ. ದಿನ ಬದಲಿಸಿ ಎಂದರೆ ಬದಲಿಸುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೆ.

ನಮ್ಮ ನಾದಿನಿ ಮರುವರ್ಷ ತನ್ನ ಗಂಡನ ಜೊತೆ ಶ್ರೀನಗರದ ದಾರಿಯಾಗಿ ಮತ್ತೆ ಹೋಗಿ ಬಂದಳು. ಹೊರಡುವ ಮುನ್ನ ನನ್ನ ಮುಂದೆಯೇ ಗಂಡನಿಗೆ ಹೇಳಿದಳು, "ನಾನು ತಲೆನೋವು ಅಂದರೆ ಗಾಡಿ ನಿಲ್ಲಬೇಕು. ಒಪ್ಪಿಗೆಯಿದ್ದರೆ ಮಾತ್ರ ಬರುತ್ತೇನೆ." ಕಾರ್ಗಿಲ್‌ನಲ್ಲಿ ಎರಡು ರಾತ್ರಿ ನಿಂತರಂತೆ. ಬರುವಾಗ ನನಗೆ ಎರಡು ಕಿಲೋ ಜರ್ದಾಳು ತಂದಿದ್ದಳು.

ಪುತ್ತೂರಿನ ಸಹೋದರಿ ನಿನ್ನೆ ಮತ್ತೆ ಫೋನ್ ಮಾಡಿದರು. ಖರ್ದುಂಗ್ ಲಾವನ್ನು ನಾಲ್ಕನೇ ದಿನಕ್ಕೆ ಹಾಕಿಸಿದ್ದಾರೆ. ಅತ್ತೆಯನ್ನು ಡಾಕ್ಟರಲ್ಲಿಗೆ ಕರೆದೊಯ್ದಿದ್ದಾರೆ. ಹೋದಲ್ಲೇ ತನ್ನ ಹಿಮೋಗ್ಲೋಬಿನ್ ಕೂಡ ನೋಡಿಸಿದರಂತೆ, ಒಂಬತ್ತು ಇದೆಯಂತೆ. ಎಷ್ಟು ಸಮಯದಿಂದ ಹಾಗಿದೆಯೋ ಗೊತ್ತಿಲ್ಲ, ಮೆಟ್ಟಿಲು ಹತ್ತುವಾಗ ಸುಸ್ತಾಗುತ್ತಿತ್ತು, ಹೇಳಿರಲಿಲ್ಲ ಎಂದರು. ಡಾಕ್ಟರ್ ಮಾತ್ರೆ ಶುರು ಮಾಡಿ, ಪ್ರವಾಸವನ್ನು ಎರಡು ತಿಂಗಳು ಮುಂದಕ್ಕೆ ಹಾಕಲು ಹೇಳಿದ್ದಾರಂತೆ. ಗಂಡ ಟಿಕೆಟ್ ಬದಲಾಯಿಸಲು ಒಪ್ಪಿದ್ದಾರೆ. ಫೋನ್ ಇಡುವ ಮೊದಲು, ಸಣ್ಣ ಕುಕ್ಕರ್ ಸಾಕೇ ದೊಡ್ಡದು ಬೇಕೇ ಎಂದು ಕೇಳಿದರು. ಸಣ್ಣದು ಸಾಕು ಎಂದೆ.